ಕಾಗಿಕಾಲು ಗುಬ್ಬಿಕಾಲು: ಒಂದು ಲಿಪಿಶಾಸ್ತ್ರೀಯ ವಿವೇಚನೆ

ಧಾರವಾಡದಿಂದ ಸವದತ್ತಿ ರಸ್ತೆ ಹಿಡಿದರೆ ಸಿಗುವ ಅಮ್ಮಿನಬಾವಿ ಹಳೆಯ ಊರು, ಶಾಸನಗಳಿಗೆ ಬರವಿಲ್ಲ. ಅವನ್ನು ಬಲ್ಲವರು ಓದಿ ಮುಗಿಸಿರುವುದರಿಂದ ಪ್ರಸ್ತುತ ಲೇಖಕನ ಪಾಲಿಗೆ ಗೋಡೆಗಳಷ್ಟೇ ಉಳಿದಿವೆ. ಗೋಡೆಯ ಮೇಲಿನ ಬರಹವನ್ನು ನಮ್ಮ ಹಿರಿಯರು ‘ಕಾಗಿಕಾಲು ಗುಬ್ಬಿಕಾಲು’ ಎಂದು ಕರೆದರು. ‘ಗೀಚು’ ಎಂಬ ಬಡ ಕ್ರಿಯಾಪದದಿಂದಲೇ ತೃಪ್ತರಾದವರು ಮುಂದೆ ಓದಬೇಕಿಲ್ಲ.

ಇದು ಬರೇ ಬೈಗುಳ ಎಂಬುದು ಪೂರ್ವಪಕ್ಷ. ಸಲ್ಲದು. ಇವು ಎರಡು ಬೇರೆ ಲಿಪಿಗಳು. ಕಾಗೆ ನಡೆಯುತ್ತದೆ, ಗುಬ್ಬಿ ಎರಡೂ ಕಾಲು ಜೋಡಿಸಿ ಜಿಗಿಯುತ್ತದೆ. ಎಂದೇ ಕಾಗಿಕಾಲಿನಲ್ಲಿ ಅಕ್ಷರಗಳು ಒಂದರ ಹಿಂದೊಂದು ಅಡ್ಡಾಡಿದರೆ, ಗುಬ್ಬಿಕಾಲಿನಲ್ಲಿ ಜೋಡಿಯಾಗಿ ಕುಪ್ಪಳಿಸುತ್ತವೆ. ಒತ್ತಕ್ಷರ ಎಲ್ಲಿಂದ ಬಂತೆಂಬ ಪ್ರಶ್ನೆ ಇಲ್ಲಿಗೆ ಇತ್ಯರ್ಥವಾಯಿತು.

ಮಾದರಿಗೆ ಒಂದು ದಾನಶಾಸನ. ಸ್ಥಳ: ಅಡುಗೆಮನೆ ಬಾಗಿಲ ಬಲಕ್ಕೆ. ಸುಣ್ಣದ ಮೇಲೆ ಇದ್ದಲಿ. ಆರು ನಿಂತ ಗೀಟು, ಒಂದು ಅಡ್ಡಗೀಟು, ಕೆಳಗೆ ‘ಮಂಗಳಾರ ಇಲ್ಲ’. “ಹಾಲಿನ ಲೆಕ್ಕರೀ ಅದು” ಎಂದು ಮನೆಯೊಡತಿ ನಡುವೆ ಬಾಯಿ ಹಾಕಿದರು. ಕ್ಷೇತ್ರಕಾರ್ಯದಲ್ಲಿ ಇಂಥ ಅಡೆತಡೆ ಸಹಜ. ನಮ್ಮ ಮತದಲ್ಲಿ ಇದು ಆರು ಗೋವುಗಳ ದಾನ, ಅಡ್ಡಗೀಟು ಕೊಟ್ಟಿಗೆಯ ಬೇಲಿ. ‘ಮಂಗಳಾರ’ನೋ, 578ರಲ್ಲಿ ಬಾದಾಮಿಯ ಮೂರನೇ ಗುಹೆಯಲ್ಲಿ ಶಾಸನ ಹಾಕಿಸಿದ ಮಂಗಳೇಶನೇ. ದಾನದ ದಿನ ಅವನು ಊರಲ್ಲಿರಲಿಲ್ಲ, ಅಷ್ಟೆ.

ಇನ್ನು ಸ್ವಪ್ರಶಂಸೆ. ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 700ರ ಸುಮಾರಿಗೆ ಕಪ್ಪೆ ಅರಭಟ್ಟನ ತಂಟೆಗೆ ಹೋದರೆ ಏನಾದೀತೆಂದು ತ್ರಿಪದಿಯಲ್ಲಿ ಕೆತ್ತಿದರು; ಅದು ಸಾಹಿತ್ಯ ಚರಿತ್ರೆಗೆ ಸೇರಿತು. ಬಸ್‌ಸ್ಟ್ಯಾಂಡಿನ ಗೋಡೆಗೆ ಅದನ್ನೇ ಗೀಚುವ ಹುಡುಗನಿಗೆ ಮಾತ್ರ ತೆರೆದ ಸ್ಥಳಗಳ ವಿರೂಪ ತಡೆಯುವ 1981ರ ಕರ್ನಾಟಕದ ಕಾಯ್ದೆ ಕಾದಿದೆ. ಛಂದಸ್ಸು ಕಲಿಯದಿದ್ದರೆ ಹೀಗೇ ಆಗುವುದು.

ಕೊನೆಗೆ ಶಾಪಾಶಯ. ದತ್ತಿ ಕಸಿದವನು 60,000 ವರ್ಷ ಅಮೇಧ್ಯದ ಹುಳುವಾಗಲಿ ಎನ್ನುವುದು ಶಾಸನಗಳ ವಾಡಿಕೆ. ಕೊಂಕಣದ ಶಿಲಾಹಾರರು ಅದೂ ಸಾಲದೆಂದು ಕಲ್ಲಿನಲ್ಲಿ ಕತ್ತೆಯನ್ನೇ ಕೆತ್ತಿಸಿದರು. ‘ಇಲ್ಲಿ ಉಚ್ಚಿ ಹೊಯ್ಯಾಂವ ಕತ್ತಿ’ ಎಂಬ ಗೋಡೆಬರಹ ಅದೇ ವಂಶದ ಕುಡಿ. ಪರಿಶೀಲಿಸಿದಾಗ ಗೋಡೆಯ ಬುಡ ಹಸಿಯಾಗಿತ್ತು. ಬಂದವರು ನಿರಕ್ಷರಿಗಳು ಎನ್ನುವಂತೆಯೂ ಇಲ್ಲ: ‘ಹೊಯ್ಯಾಂವ’ ಎಂಬುದನ್ನು ಹೊಡೆದುಹಾಕಿ, ಯಾರೋ ಮೊಳೆಯಿಂದ ‘ಹೊಯ್ಯುವವನು’ ಎಂದು ತಿದ್ದಿದ್ದರು.