ನಿವೃತ್ತ ನೌಕರನೂ ಮಾವಿನ ಹೂವೂ: ಒಂದು ಆಡಳಿತ ಮೀಮಾಂಸೆ

ಕರ್ನಾಟಕದ ಸರ್ಕಾರಿ ನೌಕರನು 60 ತುಂಬಿದ ತಿಂಗಳ ಕೊನೆಯ ದಿನ ಗಂಧದ ಹಾರ, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರದ ಸಮೇತ ಮನೆ ಸೇರುತ್ತಾನೆ. ಅಲ್ಲಿಗೆ ಅವನ ಸೇವೆ ಮುಗಿಯಿತು ಎಂಬುದು ಪೂರ್ವಪಕ್ಷ. ಮುಗಿಯುವುದಿಲ್ಲ, ಹಿತ್ತಲಿಗೆ ವರ್ಗವಾಗುತ್ತದೆ ಎಂಬುದು ಸಿದ್ಧಾಂತ. ಪ್ರಮಾಣ ಬೇಕಾದವರು ಬೆಂಗಳೂರಿನ ಯಾವುದಾದರೂ ಹಳೆಯ ಬಡಾವಣೆಯಲ್ಲಿ ಮಾಘಮಾಸದ ಬೆಳಗ್ಗೆ ಕಾಂಪೌಂಡುಗಳ ಮೇಲಿಂದ ಇಣುಕುತ್ತ ನಡೆಯಬಹುದು. ನಾಯಿ ಇದ್ದಲ್ಲಿ ಸಂಶೋಧನೆ ಮೊಟಕಾಗುವ ಸಂಭವವುಂಟು.

ಪಂಚಾಂಗದ ಪ್ರಕಾರ ವಸಂತನು ಅಧಿಕಾರ ವಹಿಸಿಕೊಳ್ಳಬೇಕಾದದ್ದು ಚೈತ್ರದಲ್ಲಿ. ಮಾವಾದರೋ ಯಾರ ಪೂರ್ವಾನುಮತಿಯನ್ನೂ ಪಡೆಯದೆ ಸಂಕ್ರಾಂತಿಯ ಆಸುಪಾಸಿನಲ್ಲೇ ಹೂ ಬಿಟ್ಟುಬಿಡುತ್ತದೆ. ಹೊಂಗೆಯು ಇದ್ದಬದ್ದ ಎಲೆಯನ್ನೆಲ್ಲ ಪಕ್ಕದ ಮನೆಯ ಅಂಗಳಕ್ಕೆ ಉದುರಿಸಿ, ಆ ಮನೆಯವರು ಜಗಳಕ್ಕೆ ಬರುವ ಹೊತ್ತಿಗೆ ಎಳೆ ಹಸಿರು ಹೊದ್ದು ಅಮಾಯಕನಂತೆ ನಿಂತಿರುತ್ತದೆ. ಈ ಶಿಸ್ತುಗೇಡನ್ನು ಕಂಡೂ ಸುಮ್ಮನಿರಲು ಮೂವತ್ತು ವರ್ಷ ಹಾಜರಿ ಪುಸ್ತಕ ತಿದ್ದಿದವನಿಂದ ಆಗದು.

ಆದರೂ ಮಾವಿನ ಬಗ್ಗೆ ನಿವೃತ್ತನಿಗೆ ಒಳಗೊಳಗೇ ಗೌರವ. ಓದುವ ಕನ್ನಡಕ ಹಾಕಿಕೊಂಡು ಒಂದು ಗೊಂಚಲನ್ನು ಬಗ್ಗಿಸಿ ನೋಡಿ: ಕೆಂಪು ದಂಟು, ಸಾಸಿವೆಗಿಂತ ತುಸು ದಪ್ಪನೆಯ ಮೊಗ್ಗು, ನೂರಾರು, ಕೆಲವೊಮ್ಮೆ ಸಾವಿರಾರು ಹೂ. ಹೆಚ್ಚಿನವು ಗಂಡು. ಮಿಕ್ಕವುಗಳಲ್ಲೂ ಕಾಯಾಗಿ ಕಡೆಯವರೆಗೆ ಉಳಿಯುವುದು ನೂರಕ್ಕೊಂದೂ ಇಲ್ಲ. ಇಷ್ಟೊಂದು ಅರ್ಜಿ ಸ್ವೀಕರಿಸಿ, ಇಷ್ಟೇ ಮಂಜೂರು ಮಾಡಿ, ಯಾರಿಂದಲೂ ಬೈಸಿಕೊಳ್ಳದ ಕಚೇರಿ ಇನ್ನೊಂದಿಲ್ಲ.

ಇದೇ ಹೊತ್ತಿಗೆ ಜಿಗಿಹುಳು ಬರುತ್ತದೆ. ಹೂವಿನ ರಸ ಹೀರಿ ಅಂಟು ಸುರಿಸುತ್ತದೆ. ಅದರ ಮೇಲೆ ಕಪ್ಪು ಬೂಷ್ಟು ಕೂರುತ್ತದೆ. ಕೆಳಗೆ ನಿಲ್ಲಿಸಿದ ಸ್ಕೂಟರಿಗೂ ಪ್ರಸಾದ ಸಿಗುತ್ತದೆ. ಹೂ ಪೂರ್ತಿ ಅರಳಿರುವಾಗ ಔಷಧ ಹೊಡೆದರೆ ಪರಾಗಸ್ಪರ್ಶ ಮಾಡುವ ನೊಣ, ಜೇನು ಸಾಯುತ್ತವೆ, ಆದ್ದರಿಂದ ಕಡತವನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ ಎಂದು ನಿವೃತ್ತನು ಸಕ್ಷಮ ಪ್ರಾಧಿಕಾರಕ್ಕೆ ವರದಿ ಒಪ್ಪಿಸುತ್ತಾನೆ. ಸಕ್ಷಮ ಪ್ರಾಧಿಕಾರವು ಒಗ್ಗರಣೆ ಸೌಟು ಹಿಡಿದುಕೊಂಡೇ, "ಅಂತೂ ಕೈಕಟ್ಟಿ ಕೂರೋಕೆ ಒಂದು ರೂಲು ಹುಡುಕಿದ್ರಿ, ಬಿಡಿ. ಮಜ್ಜಿಗೆ ಹುಳಿಯಾಗಿದೆ, ಕರಿಬೇವಿನ ಬುಡಕ್ಕೆ ಹಾಕ್ರೀ" ಎನ್ನುತ್ತದೆ. ಗಮನಿಸಿ: ಹಿತ್ತಲಿನಲ್ಲಿ ಚಿಗುರುತ್ತಿರುವುದು ಆ ಕರಿಬೇವು ಮಾತ್ರ.

ಮಲ್ಲಿಗೆಯ ವಿಷಯ ಹೇಳದಿರುವುದೇ ಲೇಸು. ಬಿಸಿಲಿಗೆಂದು ತಾರಸಿಗೆ, ನೆರಳಿಗೆಂದು ಮೆಟ್ಟಿಲಡಿಗೆ, ವಾಸ್ತು ಸರಿಯಿಲ್ಲವೆಂದು ಈಶಾನ್ಯಕ್ಕೆ, ಹೀಗೆ ಅವಧಿಗೆ ಮುನ್ನವೇ ವರ್ಗಗೊಂಡ ಆ ಕುಂಡವು ಮೊಗ್ಗು ಕೊಡದೆ ಮುಷ್ಕರ ಹೂಡಿದೆ.

ನೀರಿನ ಅಧ್ಯಾಯದಲ್ಲಿ ಶಾಸ್ತ್ರಕ್ಕೂ ಕಾನೂನಿಗೂ ಘರ್ಷಣೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಿಡುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಅಂದಿನಿಂದ ಅಕ್ಕಿ ತೊಳೆದ ನೀರಿಗೆ ಈ ಮನೆಗಳಲ್ಲಿ ಬಂದಿರುವ ಮರ್ಯಾದೆ ಪಿಂಚಣಿ ಪುಸ್ತಕಕ್ಕೂ ಇಲ್ಲ.

ನಿವೃತ್ತಿಯ ಬಳಿಕ ಗಿಡದ ನಂಟು ಬಿಡದವರಿಗೆ ಮೇಲ್ಪಂಕ್ತಿ ಇಲ್ಲದಿಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು 1932ರಲ್ಲಿ ನಿವೃತ್ತರಾದ ಮೇಲೂ ಇಲ್ಲೇ ಉಳಿದು ಸಲಹೆ ಕೊಡುತ್ತಿದ್ದರು. 1956ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಒಂದೇ ವ್ಯತ್ಯಾಸ: ಅವರ ಸಲಹೆಯನ್ನು ಜನ ಕೇಳಿ ಪಡೆಯುತ್ತಿದ್ದರು.

ಆದ್ದರಿಂದ ಓದುಗರಲ್ಲಿ ವಿನಂತಿ. ಹಾಲಿಗೆ ಹೋಗುವಾಗ ಇಂಥ ಗೇಟಿನ ಮುಂದೆ ನಿಂತು "ಮಾವು ಚೆನ್ನಾಗಿ ಹೂ ಬಿಟ್ಟಿದೆಯಲ್ಲ, ಸಾರ್" ಎನ್ನಬೇಡಿ. ಎನ್ನಲೇಬೇಕಿದ್ದರೆ, ಹಾಲನ್ನು ಮೊದಲು ಮನೆಗೆ ಮುಟ್ಟಿಸಿ ಬನ್ನಿ.