ಅಥಾತೋ ಬ್ಲಫ್ ಜಿಜ್ಞಾಸಾ

ಪೋಕರಿನಲ್ಲಿ ಕೈಯಲ್ಲಿ ಏನೂ ಇಲ್ಲದವನು ಮೇಜಿನ ಮೇಲೆ ಎಲೆ ತೆರೆಯುವ ಫ್ಲಾಪ್, ಟರ್ನ್, ರಿವರ್ ಮೂರೂ ಹಂತಗಳಲ್ಲಿ ಬಿಡದೆ ಪಣ ಕಟ್ಟುವುದನ್ನು ಪಾಮರರು ಪುಂಡಾಟವೆನ್ನುತ್ತಾರೆ. ಶಾಸ್ತ್ರ ಓದದವರ ಮಾತು ಅದು. ಒಮ್ಮೆ ಹೇಳಿದರೆ ಸುಳ್ಳು. ಅದನ್ನೇ ಮೂರು ಸಲ, ಸಲಸಲಕ್ಕೂ ಹೆಚ್ಚು ಬೆಲೆ ತೆತ್ತು ಹೇಳಿದರೆ ಪ್ರಮಾಣ ಎಂಬುದು ನಮ್ಮ ಸಿದ್ಧಾಂತ. ಇದಕ್ಕೆ ಆಗಮದ ಬೆಂಬಲ ಪಂಚತಂತ್ರದಲ್ಲೇ ಇದೆ. ಆಡು ಹೊತ್ತು ನಡೆದಿದ್ದ ಬ್ರಾಹ್ಮಣ, ಮೊದಲ ಠಕ್ಕ ಅದನ್ನು ನಾಯಿ ಎಂದಾಗ ರೇಗಿದ. ಮೂರನೆಯವನೂ ಎದುರಾದಾಗ ಇಳಿಸಿ ಓಡಿದ. ಈ ನಡುವೆ ಆಡಿನಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲವೆಂಬುದನ್ನು ವಿದ್ವಾಂಸರು ಗಮನಿಸಬೇಕು. ಆ ಠಕ್ಕರು ಕಾಸು ಬಿಚ್ಚಿರಲೂ ಇಲ್ಲ. ಪೋಕರಿನವನು ಬಿಚ್ಚುತ್ತಾನೆ, ಅವನ ಸುಳ್ಳಿಗೆ ತೂಕ ಹೆಚ್ಚು.

ಇನ್ನು ಪ್ರತ್ಯಕ್ಷ ಪ್ರಮಾಣ. 2003ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯಕ್ಕೆ 839 ಮಂದಿ ಕೂತು, ಕಡೆಗೆ ಇಬ್ಬರು ಉಳಿದರು: ಪಳಗಿದ ಜೂಜುಗಾರ ಸ್ಯಾಮಿ ಫರ್ಹಾ, ಟೆನೆಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್. (ಹೆಸರು ನಿಜವೇ, ಪ್ರಬಂಧಕಾರರ ಕಲ್ಪನೆಯಲ್ಲ.) ಅವರ ನಡುವಿನ ಒಂದು ಆಟದಲ್ಲಿ ಮನಿಮೇಕರ್ ಬಳಿ ಇಸ್ಪೀಟ್ ರಾಜ, ಆಟೀನ್ ಏಳು. ಮೇಜಿನ ಮೇಲೆ 9, 2, 6, 8, 3 ಬಿದ್ದು ಫ್ಲಶ್ಶೂ (ಒಂದೇ ಬಣ್ಣದ ಐದೆಲೆ) ಆಗಲಿಲ್ಲ, ಸ್ಟ್ರೇಟೂ (ಸಾಲಾಗಿ ಐದೆಲೆ) ಆಗಲಿಲ್ಲ. ಫರ್ಹಾ ಬಳಿ ಒಂಬತ್ತರ ಜೋಡಿ ಇತ್ತು. ಟರ್ನ್‌ನಲ್ಲಿ ಪಣ ಏರಿಸಿದ್ದ ಅಕೌಂಟೆಂಟ್ ರಿವರ್‌ನಲ್ಲಿ ಇದ್ದದ್ದನ್ನೆಲ್ಲ ಪಣಕ್ಕಿಟ್ಟು ಆಲ್-ಇನ್ ಎಂದರು. ನಿನಗೆ ಫ್ಲಶ್ ತಪ್ಪಿರಬೇಕು ಎಂದು ಫರ್ಹಾ ಬಾಯಿಬಿಟ್ಟೇ ಹೇಳಿದರು. ಹೇಳಿ, ಎಲೆ ಕೆಳಗಿಟ್ಟರು. ಸತ್ಯ ತಿಳಿದಿದ್ದರೂ ಸುಳ್ಳಿನ ಬೆಲೆ ತೆರಲಾಗಲಿಲ್ಲ. ಕಡೆಗೆ ಪಂದ್ಯವೂ ಮನಿಮೇಕರ್ ಪಾಲಾಗಿ 25 ಲಕ್ಷ ಡಾಲರ್ ಗೆದ್ದರು. ಇದರಲ್ಲಿ ಸುಳ್ಳು ಎರಡೇ ಹಂತದ್ದಲ್ಲವೇ ಎಂದು ಪೂರ್ವಪಕ್ಷದವರು ಕೊಂಕು ತೆಗೆಯಬಹುದು. ಎರಡಕ್ಕೇ ಇಷ್ಟು ಫಲವಾದರೆ ಮೂರಕ್ಕೆ ಎಷ್ಟೆಂದು ಅವರೇ ಊಹಿಸಿಕೊಳ್ಳಲಿ.

ಮೂರು ಹಂತವೂ ನುಗ್ಗುವುದಾದರೆ ವಿವೇಕವೆಲ್ಲಿ ಎಂಬುದು ಗಟ್ಟಿಯಾದ ಆಕ್ಷೇಪ. ಉತ್ತರ ಗಣಿತದಲ್ಲಿದೆ. ಮೇಜಿನ ಮೇಲೆ 100 ರೂಪಾಯಿ ಇದ್ದು ಪ್ರತಿ ಹಂತದಲ್ಲೂ ಇದ್ದಷ್ಟನ್ನೇ ಕಟ್ಟುತ್ತ ಹೋದರೆ ಪಣ 100, 300, 900 ಆಗುತ್ತದೆ. ಗೆಲ್ಲುವ ಕೈಯೋ ಪೂರ್ತಿ ಖಾಲಿ ಕೈಯೋ, ಎರಡೇ ಬಗೆ ಎಂದಿಟ್ಟುಕೊಂಡ ಸರಳ ಲೆಕ್ಕದಲ್ಲಿ, ಫ್ಲಾಪಿನಲ್ಲಿ ಕಟ್ಟುವ 27 ಕೈಗಳಲ್ಲಿ 8 ನಿಜ, 19 ಸುಳ್ಳು. ಟರ್ನ್‌ನಲ್ಲಿ 10 ಸುಳ್ಳು ಮುಂದುವರಿಯುತ್ತವೆ, ರಿವರ್ ಮುಟ್ಟುವುದು 4 ಮಾತ್ರ. ಅಂದರೆ 15 ಸುಳ್ಳುಗಳು ನಡುದಾರಿಯಲ್ಲೇ ಸನ್ಯಾಸ ಸ್ವೀಕರಿಸಬೇಕು. ಇಷ್ಟು ವೈರಾಗ್ಯ ಬೇಡುವ ವಿದ್ಯೆಯನ್ನು ಪುಂಡಾಟವೆನ್ನುವವರು ಭಾಗಾಕಾರ ಕಲಿತು ಬರಲಿ. ಇನ್ನು ಅಧರ್ಮವೆಂಬ ಆಕ್ಷೇಪ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡೆನ್ನುವ ಸಮಾಜ ಮೂರು ಸುಳ್ಳಿಗೆ ಮೂಗು ಮುರಿಯುವಂತಿಲ್ಲ.

ಎದುರಾಳಿ ಯಾವುದಕ್ಕೂ ಜಗ್ಗದೆ, ಎರಡರ ಜೋಡಿ ಹಿಡಿದುಕೊಂಡು ಮೂರು ಸಲವೂ ಪಣ ಸರಿಗಟ್ಟಿ ಕಾಲ್ ಮಾಡಿದರೆ? ಯಾವ ಶಾಸ್ತ್ರವೂ ಮೊದಲು ಅಧಿಕಾರಿ ಯಾರೆಂದು ನಿರ್ಣಯಿಸುತ್ತದೆ. ಸುಳ್ಳನ್ನು ಕೇಳಿ, ತೂಗಿ, ಹೆದರುವ ಬುದ್ಧಿವಂತನೇ ಇದಕ್ಕೆ ಅಧಿಕಾರಿ. ಆಡನ್ನು ಹೊತ್ತವನು ಕುರುಬನಾಗಿದ್ದರೆ ಠಕ್ಕರು ಹಸಿದುಕೊಂಡೇ ಮನೆಗೆ ಹೋಗುತ್ತಿದ್ದರು. ಆದ್ದರಿಂದ ಯೋಚಿಸದವನ ಮುಂದೆ 1,300 ರೂಪಾಯಿ ಕಳೆದುಕೊಂಡವರು ಅನಧಿಕಾರಿಗೆ ವಿದ್ಯಾದಾನ ಮಾಡಿದ ದೋಷಕ್ಕೆ ಗುರಿಯಾಗುತ್ತಾರೆ. ಆ ಹಣವನ್ನು ಸಿದ್ಧಾಂತದ ಖರ್ಚಿಗೆ ಹಾಕತಕ್ಕದ್ದಲ್ಲ.