ಅಪಾಯದ ಇಂಗ್ಲಿಷ್ ಕಲಿಸಿದ ಗುರುಗಳಿಗೆ

ದೇಲಂಪಾಡಿ,
ಕಾಸರಗೋಡು ಜಿಲ್ಲೆ

ಪೂಜ್ಯ ಗುರುಗಳೇ,

ನೀವು ಒಬ್ಬರಲ್ಲ ಎಂಬುದು ನನಗೆ ಗೊತ್ತು. ತಿರುವನಂತಪುರದ ಸೆಕ್ರೆಟರಿಯೇಟಿನಲ್ಲಿದ್ದೀರಿ, ದೆಹಲಿಯ ತಜ್ಞರ ಸಮಿತಿಗಳಲ್ಲಿದ್ದೀರಿ, ಕೀಟನಾಶಕದ ಕಂಪನಿಗಳಲ್ಲಿದ್ದೀರಿ, ಹವಾಮಾನ ಇಲಾಖೆ, ಅರಣ್ಯ ಇಲಾಖೆಗಳಲ್ಲೂ ಇದ್ದೀರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಲು ಅಂಚೆ ಖರ್ಚು ಜಾಸ್ತಿ. ಆದ್ದರಿಂದ ಎಲ್ಲರಿಗೂ ಸೇರಿಸಿ ಈ ಒಂದೇ ಪತ್ರ.

ಪೇಟೆಯ ಮಕ್ಕಳು ಸಾವಿರಗಟ್ಟಲೆ ಫೀಸು ಕೊಟ್ಟು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಾರೆ. ಆರು ತಿಂಗಳಲ್ಲಿ 'ಹೌ ಆರ್ ಯೂ'ವರೆಗೆ ಬರುತ್ತಾರೆ. ನಮ್ಮಿಂದ ನೀವು ಒಂದು ಪೈಸೆಯನ್ನೂ ತೆಗೆದುಕೊಳ್ಳದೆ ವೈದ್ಯರಿಗೂ ವಕೀಲರಿಗೂ ಕಷ್ಟವಾಗುವ ಮಾತುಗಳನ್ನೆಲ್ಲ ಕಲಿಸಿಬಿಟ್ಟಿರಿ. ಮನೆಯಲ್ಲಿ ತುಳು, ಹವ್ಯಕ, ಮರಾಟಿ, ಬ್ಯಾರಿ, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ. ಇಷ್ಟೆಲ್ಲ ಇದ್ದರೂ ಹೆದರಿಕೊಳ್ಳುವುದಕ್ಕೆ ಸರಿಯಾದ ಒಂದು ಭಾಷೆ ನಮಗೆ ಕಮ್ಮಿ ಬಿದ್ದಿತ್ತು. ಅದನ್ನು ತುಂಬಿಸಿಕೊಟ್ಟವರು ನೀವು.

ಮೊದಲ ಪಾಠ ಆಕಾಶದಿಂದಲೇ ಬಂತು. ನಮ್ಮ ನೆರೆಯ ಮುಳಿಯಾರು, ಕಾರಡ್ಕ, ಬೆಳ್ಳೂರು, ಅಲ್ಲಿಂದ ಆಚೆ ಕುಂಬ್ಡಾಜೆ, ಎಣ್ಮಕಜೆಯವರು ಇದರಲ್ಲಿ ನಮಗಿಂತ ಹಿರಿಯ ವಿದ್ಯಾರ್ಥಿಗಳು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ, ಪ್ಲಾಂಟೇಶನ್ ಕಾರ್ಪೊರೇಶನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ತೋಟಕ್ಕೆ ಬಿಡುವುದೆಲ್ಲ ನಮ್ಮ ಬಾಯಲ್ಲಿ ಮದ್ದೇ ತಾನೆ? ಗೇರಿನ ಚಿಗುರು ಹೀರುವ ಟೀ ಸೊಳ್ಳೆಗೆ ಮದ್ದು ಬಿಡುತ್ತಾರಂತೆ ಎಂದು ಮಕ್ಕಳು ಅಂಗಳಕ್ಕೆ ಓಡಿ ಬಂದು ಹೆಲಿಕಾಪ್ಟರ್ ನೋಡಿದರು.

ಈ ದೇಶದ 1971ರ ಕೀಟನಾಶಕ ನಿಯಮಗಳನ್ನು ನಾನು ಭಕ್ತಿಯಿಂದ ಓದಿದ್ದೇನೆ. ಎಷ್ಟು ಚೆಂದದ ಪಠ್ಯಪುಸ್ತಕ! ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರಬೇಕು. ಕೆಂಪು, ಹಳದಿ ಇದ್ದರೆ 'ಪಾಯ್ಸನ್' ಎಂದು ಬರೆಯಬೇಕು, ನೀಲಿಗೆ 'ಡೇಂಜರ್', ಹಸಿರಿಗೆ 'ಕಾಶನ್'. ವಿಷಕ್ಕೂ ಒಂದು ವರ್ಣಾಶ್ರಮ. ಅತ್ಯಂತ ಕೆಟ್ಟದ್ದಕ್ಕೆ ತಲೆಬುರುಡೆ, ಅಡ್ಡಡ್ಡ ಎಲುಬು. ಮಕ್ಕಳ ಕೈಗೆ ಸಿಗದಂತೆ ಇಡಿ ಎಂಬ ಸೂಚನೆ. ಇದೆಲ್ಲ ಹಿಂದಿ, ಇಂಗ್ಲಿಷ್ ಮತ್ತು ಆಯಾ ಪ್ರದೇಶದ ಒಂದೆರಡು ಭಾಷೆಗಳಲ್ಲಿ ಇರಬೇಕೆಂದೂ ಅದರಲ್ಲೇ ಇದೆ. ನಿಯಮ ಮಾಡಿದವರಿಗೆ ಹೊಳೆಯದ ಸಣ್ಣ ಸಂಗತಿ ಒಂದೇ: ಹೆಲಿಕಾಪ್ಟರಿನಿಂದ ಉದುರುವ ಹನಿಗೆ ಲೇಬಲ್ ಅಂಟಿಸಲು ಬರುವುದಿಲ್ಲ. ಆಕಾಶವನ್ನು ಮಕ್ಕಳ ಕೈಗೆ ಸಿಗದಂತೆ ಇಡುವುದು ಹೇಗೆಂದು ಯಾವ ಅನುಬಂಧದಲ್ಲೂ ಇಲ್ಲ. ನೀರು ಮುಚ್ಚಿಡಿ ಎಂದೂ ಮದ್ದು ಬಿಡುವವರು ಹೇಳಿದ್ದರಂತೆ. ಬಾವಿಗಾದರೆ ಮಡಲು ಹಾಸಬಹುದು. ಗುಡ್ಡದ ಹೊಟ್ಟೆಯೊಳಗಿನಿಂದ ಸುರಂಗದ ನೀರು ಹರಿದು ಬರುವ ಊರಿನಲ್ಲಿ ಏನನ್ನು ಮುಚ್ಚುವುದು, ಗುಡ್ಡವನ್ನೇ?

ಎರಡನೆಯ ಪಾಠ ಆಸ್ಪತ್ರೆಯ ಬೆಂಚಿನ ಮೇಲೆ ನಡೆಯಿತು. ಸೆರೆಬ್ರಲ್ ಪಾಲ್ಸಿ, ಎಪಿಲೆಪ್ಸಿ, ಹೈಡ್ರೋಸೆಫಾಲಸ್. ತಮ್ಮ ಹೆಸರು ಬರೆಯಲು ಬಾರದ ಅಮ್ಮಂದಿರೂ ಈ ಪದಗಳನ್ನು ಒಂದು ಅಕ್ಷರ ತಪ್ಪದೆ ಹೇಳುತ್ತಾರೆ. ಹೇಳದಿದ್ದರೆ ಕೌಂಟರಿನಲ್ಲಿ ಕೆಲಸ ಆಗುವುದಿಲ್ಲ. ಅದಾದ ಮೇಲೆ ಪಿಪಿಎಂ, ಪಿಪಿಬಿ, 'ಸೇಫ್ ಲಿಮಿಟ್'. ಮಗುವಿಗೆ ಸೇಫ್ ಲಿಮಿಟ್ ಎಷ್ಟು ಎಂದು ಕೇಳುವವರಿಗೆ ನೀವು ಗೇರುಬೀಜದ ಲಿಮಿಟ್ ಹೇಳುತ್ತಿದ್ದಿರಿ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಬಗ್ಗೆ ನನಗೆ ಸಣ್ಣ ಅನುಮಾನವಿದೆ. ಪಡ್ರೆಯ ಕೃಷಿಕ-ಪತ್ರಕರ್ತ ಶ್ರೀಪಡ್ರೆ, ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಕಂಡು 1981ರಲ್ಲೇ ಬರೆದರು. ಅದೂ ಇಂಗ್ಲಿಷಿನಲ್ಲಿ. ಅದೇ ಊರಿನ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಕ್ಲಿನಿಕ್ಕಿಗೆ ಬರುವ ರೋಗಿಗಳ ಪಟ್ಟಿಯನ್ನು ನೋಡಿ ಗಾಬರಿಯಾಗಿ ವೈದ್ಯಕೀಯ ಪತ್ರಿಕೆಗೆ ಬರೆದರು. ಅದೂ ಇಂಗ್ಲಿಷಿನಲ್ಲೇ. ಆಗೆಲ್ಲ ನಿಮಗೆ ಇಂಗ್ಲಿಷ್ ಮರೆತುಹೋಗಿತ್ತು. ಪೆರಿಯದ ಲೀಲಾಕುಮಾರಿ ಅಮ್ಮ, ಕೃಷಿ ಇಲಾಖೆಯಲ್ಲೇ ಕೆಲಸಕ್ಕಿದ್ದವರು, 1998ರಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದ ಮೇಲೆ ಸ್ವಲ್ಪ ಸ್ವಲ್ಪ ನೆನಪಾಗತೊಡಗಿತು. ಆಮೇಲೆ ಸಮಿತಿಗಳ ಸಂತೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಕಾಯಿಲೆಗೂ ಎಂಡೋಸಲ್ಫಾನಿಗೂ ನಂಟು ಕಂಡರು. ಕೇಂದ್ರದ ದುಬೆ ಸಮಿತಿಗೆ ಅದೇ ನಂಟು ಕಾಣಿಸಲಿಲ್ಲ. ನಮಗೆ ಸಿಕ್ಕಿದ ಹೊಸ ವಾಕ್ಯ: 'ನೋ ಕನ್‌ಕ್ಲೂಸಿವ್ ಎವಿಡೆನ್ಸ್'. ಇಂಗ್ಲಿಷಿನಲ್ಲಿ ಇದಕ್ಕಿಂತ ಉಪಯುಕ್ತ ವಾಕ್ಯ ಇನ್ನೊಂದಿಲ್ಲ. ಯಾರಿಗೆ ಉಪಯುಕ್ತ ಎಂದು ಮಾತ್ರ ಕೇಳಬಾರದು.

2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಸೇರಿ ಎಂಡೋಸಲ್ಫಾನನ್ನು 'ಪರ್ಸಿಸ್ಟೆಂಟ್ ಆರ್ಗಾನಿಕ್ ಪೊಲ್ಯುಟಂಟ್'ಗಳ ಪಟ್ಟಿಗೆ ಸೇರಿಸಿದವು. ನಮ್ಮ ದೇಶ ತಕರಾರು ಎತ್ತಿ, ವಿನಾಯಿತಿ ಪಡೆದು, ಆಮೇಲೆ ಒಪ್ಪಿತು. ಮರುತಿಂಗಳು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು. 2017ರ ಜನವರಿಯಲ್ಲಿ ಅದೇ ಕೋರ್ಟು, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ನೋಡಿದರೆ, 3,704 ಮಂದಿಯ ಪಟ್ಟಿಯಲ್ಲಿ ದುಡ್ಡು ಸಿಕ್ಕಿದ್ದು 8 ಮಂದಿಗೆ. ಅವರು ಕೋರ್ಟಿನ ಮೆಟ್ಟಿಲು ಹತ್ತಿದವರು. ಮೂರು ತಿಂಗಳು ಎಂಬುದಕ್ಕೆ ನಿಮ್ಮ ಇಂಗ್ಲಿಷಿನಲ್ಲಿ ಅರ್ಥ ಬೇರೆ ಇರಬೇಕು. ಆ ಪಟ್ಟಿಯಲ್ಲಿ ಹಾಸಿಗೆ ಹಿಡಿದವರು, ಕ್ಯಾನ್ಸರಿನವರು ಎಂದೆಲ್ಲ ವಿಂಗಡಣೆ ಇತ್ತು. ಅತಿ ದೊಡ್ಡ ಗುಂಪು ಮಾತ್ರ 'ರೆಸಿಡ್ಯುವರಿ', ಅಂದರೆ ಇತರೆ. ಇಪ್ಪತ್ತು ವರ್ಷ ವಿಷ ಕುಡಿದು ಕೊನೆಗೆ ಇತರೆ ಆಗುವ ಭಾಗ್ಯ.

ಎಂಡೋಸಲ್ಫಾನಿನ ಪಾಠ ಮುಗಿಯುವ ಮೊದಲೇ ನೀವು ಸಿಲೆಬಸ್ ವಿಸ್ತರಿಸಿದಿರಿ. ಮಳೆಗಾಲಕ್ಕೆ ಯೆಲ್ಲೋ, ಆರೆಂಜ್, ರೆಡ್. ಒಂದು ದಿನದಲ್ಲಿ 204.5 ಮಿಲಿಮೀಟರಿನಷ್ಟು ಮಳೆ ಬರಬಹುದು ಎಂದರೆ ರೆಡ್, ಮಕ್ಕಳಿಗೆ ರಜೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದ ಮರುದಿನವೇ, ಬಣ್ಣ ಯಾವುದಿತ್ತು ಎಂಬ ಬಗ್ಗೆ ದೆಹಲಿಗೂ ತಿರುವನಂತಪುರಕ್ಕೂ ಜೋರು ಚರ್ಚೆ. ಕೇಂದ್ರ, ಮೊದಲೇ ಎಚ್ಚರಿಸಿದ್ದೆವು ಎಂದಿತು. ರಾಜ್ಯ, ಆ ಹೊತ್ತಿಗೆ ಇದ್ದದ್ದು ಆರೆಂಜ್, ರೆಡ್ ಬಂದದ್ದು ಗುಡ್ಡ ಜರಿದ ಮೇಲೆ ಎಂದಿತು. ಹೆಣಗಳು ಇನ್ನೂ ಸಿಗುತ್ತಿದ್ದವು.

ಅದಕ್ಕೂ ಮೊದಲಿನ, 2020ರ ಮಾರ್ಚಿನ ಕೊರೋನಾ ಪಾಠವನ್ನು ಕಲಿಸಿದವರಲ್ಲಿ ನಮ್ಮವರೂ ಇದ್ದರು ಎಂಬುದು ವಿಶೇಷ. ಲಾಕ್‌ಡೌನ್, ಕ್ವಾರಂಟೈನ್, ಪ್ರೈಮರಿ ಕಾಂಟ್ಯಾಕ್ಟ್ ಎಂದು ನಾವು ಉರು ಹೊಡೆಯುತ್ತಿರುವಾಗ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಕಾಸರಗೋಡಿನ ಕನ್ನಡಿಗರು, ಊರು ಕೇರಳಕ್ಕೆ ಸೇರಿದ 1956ರಿಂದಲೂ, ಕನ್ನಡದ ಮಣ್ಣು ಬೇಕು ಎಂದು ಕೇಳುತ್ತಾ ಬಂದವರು. ಕೊನೆಗೂ ಬಂತು, ಟಿಪ್ಪರಿನಲ್ಲಿ. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ಗಡಿ ದಾಟಲಾಗದೆ ಸತ್ತರು. ಅವರಿಗೆ ಕೊರೋನಾ ಇರಲಿಲ್ಲ. ಹೃದಯದ ಕಾಯಿಲೆ, ಕಿಡ್ನಿಯ ಕಾಯಿಲೆ ಇದ್ದವು. ಮರುವರ್ಷ ರಸ್ತೆ ತೆರೆದಿತ್ತು, ಆದರೆ ಆರ್‌ಟಿಪಿಸಿಆರ್ ನೆಗೆಟಿವ್ ಬೇಕಿತ್ತು. ಬದುಕಿನಲ್ಲಿ ಒಮ್ಮೆಯಾದರೂ ನೆಗೆಟಿವ್ ಆಗಬೇಕೆಂದು ದೇವರಿಗೆ ಹರಕೆ ಹೊತ್ತೆವು.

ಈಗ ನಡೆಯುತ್ತಿರುವುದು ಆನೆಯ ಪಾಠ. ರಾತ್ರಿ ತೋಟದಲ್ಲಿ ಬಾಳೆ ಸೀಳುವ ಸದ್ದು ಕೇಳಿದರೆ ಮೊದಲೆಲ್ಲ ಆನೆ ಬಂತು ಎನ್ನುತ್ತಿದ್ದೆವು. ಅದು ಅವಿದ್ಯಾವಂತರ ಮಾತು. ಅದನ್ನು 'ಹ್ಯೂಮನ್ ವೈಲ್ಡ್‌ಲೈಫ್ ಕಾನ್‌ಫ್ಲಿಕ್ಟ್' ಎನ್ನಬೇಕು. 2024ರ ಮಾರ್ಚಿನಲ್ಲಿ ಕೇರಳ ಸರಕಾರ ಇದನ್ನು 'ಸ್ಟೇಟ್ ಸ್ಪೆಸಿಫಿಕ್ ಡಿಸಾಸ್ಟರ್' ಎಂದೂ ಘೋಷಿಸಿತು. ಮರ್ಯಾದೆ ಬಂತು. ಫೋನು ಮಾಡಿದರೆ ಅರಣ್ಯ ಇಲಾಖೆಯ ಆರ್‌ಆರ್‌ಟಿ, ಅಂದರೆ 'ರ್‍ಯಾಪಿಡ್ ರೆಸ್ಪಾನ್ಸ್ ಟೀಮ್', ಬರುತ್ತದೆ, ಸೋಲಾರ್ ತೂಗುಬೇಲಿ ಇದೆ. ಆರ್‌ಆರ್‌ಟಿಯ ಹುಡುಗರ ಮೇಲೆ ನನಗೆ ದೂರಿಲ್ಲ. ರಾತ್ರಿಯೆಲ್ಲ ಕಾಡು ಸುತ್ತುವ ಬಡವರ ಮಕ್ಕಳು ಅವರು. ಆದರೆ ಮುರಿದ ಅಡಕೆ ಮರಕ್ಕೆ ಪರಿಹಾರ ಕೇಳಿ ಬರೆಯುವ ಅರ್ಜಿಯಲ್ಲಿ ಈ ಶಬ್ದಗಳನ್ನೆಲ್ಲ ಸರಿಯಾಗಿ ಜೋಡಿಸಬೇಕು. ಆನೆಗೆ ಈ ತೊಂದರೆ ಇಲ್ಲ.

ಗುರುದಕ್ಷಿಣೆಯ ವಿಷಯಕ್ಕೆ ಬರುತ್ತೇನೆ. ನಾವು ಕೊಡುವುದನ್ನೆಲ್ಲ ಮುಂಗಡವಾಗಿ ಕೊಟ್ಟಾಗಿದೆ. ಹಾಗಾಗಿ ತಿರುಗಿ ನಿಮ್ಮಿಂದಲೇ ಸ್ವಲ್ಪ ಕೇಳುತ್ತಿದ್ದೇನೆ. ಕೇರಳದ ಅಧಿಕೃತ ಭಾಷಾ ಕಾನೂನು 1969ರದು. ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಕನ್ನಡಿಗರು ಕನ್ನಡದಲ್ಲಿ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು ಎಂದು ಅದು ಹೇಳುತ್ತದೆ. ಈ ಹಕ್ಕನ್ನು ಉತ್ತರಕ್ಕೆ ಮಾತ್ರ ಬಿಟ್ಟು ಕೂರಬೇಡಿ, ಎಚ್ಚರಿಕೆಗೂ ಅನ್ವಯಿಸಿ. ಮಳೆಯ ಸೂಚನೆ, ಆನೆಯ ಸೂಚನೆ, ವಿಷದ ಡಬ್ಬಿಯ ಚೀಟಿ, ಪರಿಹಾರದ ಫಾರಂ, ಇಷ್ಟನ್ನು ಕನ್ನಡದಲ್ಲಿ ಕಳಿಸಿ. ಅಪಾಯಕ್ಕಿಂತ ಒಂದು ದಿನ ಮೊದಲು ಕಳಿಸಿದರೆ ಇನ್ನೂ ಉಪಕಾರ. ಮುಂದಿನ ಇಂಗ್ಲಿಷ್ ಪದವನ್ನು ಯಾರದಾದರೂ ಮಗುವಿನ ಮೇಲೆ ಬರೆದು ತೋರಿಸುವ ಅಗತ್ಯವಿಲ್ಲ. ಕಾಗದದಲ್ಲಿ ಬರೆದರೂ ನಮಗೆ ಓದಲು ಬರುತ್ತದೆ.

ಇತಿ,
ತಮ್ಮ ವಿಧೇಯ ವಿದ್ಯಾರ್ಥಿ,
ದೇಲಂಪಾಡಿಯ ಒಬ್ಬ ಅಡಕೆ ಕೃಷಿಕ